ಕಥೆಯ ಆವರಣ, ವಾಕ್ಯದ ನಡೆ: ಇಂಗ್ಲಿಷ್ ತರಗತಿಯಲ್ಲಿ ಕನ್ನಡ ವಿದ್ಯಾರ್ಥಿ

1

ಕಥೆಯೊಂದು ಎಲ್ಲಿ, ಯಾವಾಗ, ಎಂತಹ ಪರಿಸ್ಥಿತಿಯಲ್ಲಿ ನಡೆಯುತ್ತದೆ ಎಂಬುದನ್ನು ಇಂಗ್ಲಿಷ್ ಪಾಠಗಳಲ್ಲಿ ‘ಸೆಟಿಂಗ್’ ಎಂಬ ಹೆಸರಿನಿಂದ ಗುರುತಿಸುತ್ತಾರೆ. ಕನ್ನಡದಲ್ಲಿ ಇದಕ್ಕೆ ಹಿನ್ನೆಲೆ, ಪರಿಸರ, ದೇಶಕಾಲ, ಆವರಣ ಎಂಬ ಮಾತುಗಳು ಬಳಕೆಯಲ್ಲಿವೆ. ‘ಹಿನ್ನೆಲೆ’ ಎಂದಾಗ ರಂಗದ ಹಿಂಬದಿಯಲ್ಲಿ ತೂಗುವ ಪರದೆಯ ಚಿತ್ರ ಮನಸ್ಸಿಗೆ ಬರುತ್ತದೆ. ಪರದೆಯನ್ನು ಬದಲಿಸಿದರೂ ಆಟ ಮುಂದುವರಿಯಬಹುದು. ‘ಆವರಣ’ ಎಂದಾಗ ಪಾತ್ರಗಳನ್ನು ಸುತ್ತುವರಿದು, ಅವುಗಳ ನಡೆನುಡಿಗಳಿಗೆ ಕಾರಣವೂ ಮಿತಿಯೂ ಆಗುವ ಸಂಗತಿ ಸೂಚಿತವಾಗುತ್ತದೆ. ಪ್ರಸ್ತುತ ವಿವೇಚನೆಗೆ ಎರಡನೆಯ ಮಾತೇ ಹೆಚ್ಚು ಒಪ್ಪುತ್ತದೆ.

ಶಾಲಾ ಕಾಲೇಜುಗಳ ಇಂಗ್ಲಿಷ್ ತರಗತಿಯಲ್ಲಿ ಆವರಣದ ವಿಷಯ ಸಾಹಿತ್ಯದ ಪಾಠದಲ್ಲಿಯೂ ವಾಕ್ಯರಚನೆಯ ವಿಷಯ ವ್ಯಾಕರಣದ ಪಾಠದಲ್ಲಿಯೂ ಬರುವುದು ವಾಡಿಕೆ. ಎರಡಕ್ಕೂ ಬೇರೆ ಬೇರೆ ಗಂಟೆಗಳು, ಬೇರೆ ಬೇರೆ ಪ್ರಶ್ನೆಗಳು. ಇದರ ಫಲವಾಗಿ, ಕಥೆಯ ಆವರಣವನ್ನು ವಿವರಿಸಿ ಎಂಬ ಪ್ರಶ್ನೆಗೆ ವಿದ್ಯಾರ್ಥಿ ಒಂದು ಊರಿನ ಹೆಸರನ್ನೂ ಒಂದು ತಿಂಗಳ ಹೆಸರನ್ನೂ ಬರೆದು ಸುಮ್ಮನಾಗುತ್ತಾನೆ. ವ್ಯಾಕರಣದ ಗಂಟೆಯಲ್ಲಿ ‘ಇನ್’, ‘ಆನ್’, ‘ಆ್ಯಟ್’ಗಳನ್ನು ಬಿಟ್ಟ ಸ್ಥಳಗಳಲ್ಲಿ ತುಂಬುವಾಗ ಅವು ಯಾವುದೋ ಒಂದು ಸ್ಥಳವನ್ನು ಕಣ್ಣಿಗೆ ಕಟ್ಟುವ ಪದಗಳೆಂಬುದು ಅವನ ಅರಿವಿಗೆ ಬರುವುದಿಲ್ಲ. ವಾಸ್ತವವಾಗಿ ಇವೆರಡೂ ಒಂದೇ ಪಾಠದ ಎರಡು ಮುಖಗಳು. ಇಂಗ್ಲಿಷ್ ತನ್ನ ಕಥೆಯ ಆವರಣವನ್ನು ವಾಕ್ಯದ ಪದಕ್ರಮದಲ್ಲಿ, ಚಿಕ್ಕಪುಟ್ಟ ಪದಗಳಲ್ಲಿ, ಕ್ರಿಯಾಪದದ ಕಾಲಭೇದಗಳಲ್ಲಿ ಹಂಚಿಡುತ್ತದೆ. ಅದೇ ಕೆಲಸವನ್ನು ಕನ್ನಡ ಬೇರೆ ಕ್ರಮದಲ್ಲಿ ಮಾಡುತ್ತದೆ. ಈ ಎರಡು ಕ್ರಮಗಳ ವ್ಯತ್ಯಾಸವನ್ನು ಅರಿತ ಕನ್ನಡ ವಿದ್ಯಾರ್ಥಿಗೆ ಅವನ ಕನ್ನಡವೇ ಇಂಗ್ಲಿಷ್ ಕಲಿಕೆಯ ಸಾಧನವಾಗಬಲ್ಲುದು.

2

ಮೊದಲು ಆವರಣದ ಸ್ವರೂಪವನ್ನು ಒಂದು ಕಥೆಯ ಮೂಲಕ ನೋಡಬಹುದು. ಅಮೆರಿಕದ ಕಥೆಗಾರ ಒ. ಹೆನ್ರಿಯ ‘ದಿ ಲಾಸ್ಟ್ ಲೀಫ್’ ಭಾರತದ ಹಲವು ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆದಿದೆ. ಅವನ 1907ರ ಸಂಕಲನದಲ್ಲಿ ಸೇರಿದ ಈ ಕಥೆ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಎಂಬ ಬಡಾವಣೆಯಲ್ಲಿ ನವೆಂಬರ್ ತಿಂಗಳಿನಲ್ಲಿ ನಡೆಯುತ್ತದೆ. ಸ್ಯೂ ಮತ್ತು ಜಾನ್ಸಿ ಎಂಬ ಇಬ್ಬರು ಚಿತ್ರಕಲಾವಿದೆಯರು ಅಲ್ಲಿ ಒಂದೇ ಕೋಣೆಯಲ್ಲಿ ವಾಸವಾಗಿದ್ದಾರೆ. ಜಾನ್ಸಿಗೆ ನ್ಯುಮೋನಿಯಾ ತಗಲುತ್ತದೆ. ಕಿಟಕಿಯಾಚೆಯ ಗೋಡೆಯ ಮೇಲಿನ ಐವಿ ಬಳ್ಳಿಯ ಕೊನೆಯ ಎಲೆ ಉದುರಿದಾಗ ತನ್ನ ಪ್ರಾಣವೂ ಹೋಗುತ್ತದೆಂದು ಆಕೆ ನಂಬಿಬಿಡುತ್ತಾಳೆ. ಅದೇ ಕಟ್ಟಡದ ಕೆಳ ಅಂತಸ್ತಿನಲ್ಲಿರುವ ಬೆಹ್ರಮನ್ ಎಂಬ ವೃದ್ಧ ಚಿತ್ರಕಾರ ಗಾಳಿಮಳೆಯ ರಾತ್ರಿಯಲ್ಲಿ ಗೋಡೆಯ ಮೇಲೆ ಎಲೆಯೊಂದನ್ನು ಚಿತ್ರಿಸುತ್ತಾನೆ. ಜಾನ್ಸಿ ಬದುಕುತ್ತಾಳೆ, ಮಳೆಯಲ್ಲಿ ನೆನೆದ ಮುದುಕ ಅದೇ ರೋಗಕ್ಕೆ ಬಲಿಯಾಗುತ್ತಾನೆ.

ಈ ಕಥೆಯ ಆವರಣ ‘ನ್ಯೂಯಾರ್ಕ್, ನವೆಂಬರ್’ ಎಂಬೆರಡು ಪದಗಳಲ್ಲಿ ಮುಗಿಯುವುದಿಲ್ಲ. ಆ ಬಡಾವಣೆಯಲ್ಲಿ ಬಾಡಿಗೆ ಕಡಿಮೆ. ಆದುದರಿಂದ ಬಡ ಕಲಾವಿದರು ಅಲ್ಲಿ ನೆಲೆಸಿದ್ದಾರೆ. ಒಂದೇ ಕಟ್ಟಡದಲ್ಲಿ ಮೂವರು ಚಿತ್ರಕಾರರು ಇರುವುದು ಆಕಸ್ಮಿಕವಲ್ಲ. ಎದುರಿನ ಮನೆಯ ಗೋಡೆ ಹಾಸಿಗೆಯಲ್ಲಿ ಮಲಗಿದವಳಿಗೆ ಎಲೆಗಳನ್ನು ಎಣಿಸುವಷ್ಟು ಹತ್ತಿರದಲ್ಲಿದೆ. ಚಿತ್ರದ ಎಲೆಗೂ ನಿಜವಾದ ಎಲೆಗೂ ಇರುವ ಭೇದ ತಿಳಿಯದಷ್ಟು ದೂರದಲ್ಲಿಯೂ ಇದೆ. ಪೆನಿಸಿಲಿನ್ ಬಳಕೆಗೆ ಬರಲು ಇನ್ನೂ ಮೂರು ದಶಕಗಳಿಗೂ ಹೆಚ್ಚು ಕಾಲ ಉಳಿದಿದ್ದ ದಿನಗಳವು. ನ್ಯುಮೋನಿಯಾ ಎಂದರೆ ಸಾವಿನ ನೆರೆಮನೆ. ಇವುಗಳಲ್ಲಿ ಒಂದನ್ನು ತೆಗೆದರೂ ಕಥೆ ಕುಸಿಯುತ್ತದೆ. ಆವರಣವೆಂದರೆ ಕಥೆಯ ವಿಳಾಸವಲ್ಲ. ಕಥೆಯಲ್ಲಿ ನಡೆಯುವುದೆಲ್ಲ ನಡೆಯುವುದಕ್ಕೆ ಅದು ಕಾರಣ.

ಕನ್ನಡ ವಿದ್ಯಾರ್ಥಿಗೆ ಇಲ್ಲಿ ಇನ್ನೊಂದು ತೊಡಕು ಉಂಟು. ಅವನ ಅನುಭವದಲ್ಲಿ ಎಲೆ ಉದುರುವ ಕಾಲ ಶಿಶಿರ, ಅಂದರೆ ಮಾಘ-ಫಾಲ್ಗುಣ. ಅದರ ಬೆನ್ನಿಗೇ ಯುಗಾದಿಯ ಚಿಗುರು ಬರುತ್ತದೆ. ನವೆಂಬರ್ ಅವನಿಗೆ ಕಾರ್ತಿಕದ ದೀಪಗಳ ತಿಂಗಳು. ನ್ಯೂಯಾರ್ಕಿನ ನವೆಂಬರಿನಲ್ಲಿ ಎಲೆ ಉದುರಿದರೆ ಮುಂದೆ ಬರುವುದು ಚಿಗುರಲ್ಲ. ತಿಂಗಳುಗಟ್ಟಲೆ ಹಿಮ ಮತ್ತು ಬೋಳು ಕೊಂಬೆಗಳು. ಜಾನ್ಸಿಯ ಹತಾಶೆಯ ಬೇರು ಇರುವುದು ಈ ಋತುವಿನಲ್ಲಿ. ಆಂಗ್ಲ ಕವಿಗಳು ಬೇಸಗೆಯನ್ನು ಹಾಡಿ ಹೊಗಳುವುದೂ ಮಳೆಯನ್ನು ಬೇಸರದಿಂದ ಕಾಣುವುದೂ ಇಂತಹುದೇ ಸಂಗತಿ. ಬಯಲುಸೀಮೆಯ ರೈತನ ಮನೆಯಿಂದ ಬಂದ ಮಗುವಿಗೆ ಬೇಸಗೆ ಸುಡುವ ಕಾಲ, ಮಳೆ ಶುಭಸೂಚಕ. ‘ಸಮ್ಮರ್’ ಎಂದರೆ ಬೇಸಗೆ ಎಂಬ ನಿಘಂಟಿನ ಅರ್ಥ ಸರಿಯಾದುದೇ. ಆದರೆ ಅದೊಂದರಿಂದಲೇ ಆ ಕವಿತೆಯ ಋತು ವಿದ್ಯಾರ್ಥಿಯ ಅನುಭವಕ್ಕೆ ಬರಲಾರದು.

3

ಆವರಣವನ್ನು ಕಟ್ಟುವ ಕಲೆ ಕನ್ನಡಕ್ಕೆ ಹೊಸತಲ್ಲ. ಮಹಾಕಾವ್ಯಗಳು ಸಮುದ್ರ, ಪರ್ವತ, ನಗರ, ಋತು, ಸೂರ್ಯೋದಯ, ಚಂದ್ರೋದಯ ಮೊದಲಾದ ಅಷ್ಟಾದಶ ವರ್ಣನೆಗಳನ್ನು ನಿಯಮವಾಗಿಯೇ ಸ್ವೀಕರಿಸಿದ್ದುವು. ಬನವಾಸಿಯನ್ನು ಕುರಿತ ಪಂಪನ ಪದ್ಯಗಳು ಒಂದು ಸಾವಿರ ವರ್ಷಗಳ ಅನಂತರವೂ ಕನ್ನಡಿಗರ ನೆನಪಿನಲ್ಲಿ ಉಳಿದಿವೆ. ಜೈನ ಪುರಾಣಗಳು ದ್ವೀಪದಿಂದ ಹೊರಟು ದೇಶ, ಪುರ, ಅರಮನೆಗಳನ್ನು ದಾಟಿ ಅರಸನನ್ನು ತಲುಪುತ್ತವೆ. ಎಲ್ಲ ಮಕ್ಕಳೂ ಕೇಳಿ ಬೆಳೆದ ಗೋವಿನ ಹಾಡು ಭೂಮಂಡಲದಿಂದ ಆರಂಭವಾಗಿ, ಕರ್ನಾಟ ದೇಶಕ್ಕೆ ಇಳಿದು, ಅಲ್ಲಿಂದ ಕಾಳಿಂಗನೆಂಬ ಗೊಲ್ಲನ ಬಳಿಗೆ ಬಂದು ನಿಲ್ಲುತ್ತದೆ. ಹಿರಿದರಿಂದ ಕಿರಿದಕ್ಕೆ ಸಾಗುವುದು ಈ ಎಲ್ಲ ಆರಂಭಗಳ ಸಾಮಾನ್ಯ ಕ್ರಮ.

ಗಮನಿಸಬೇಕಾದ ಅಂಶವೆಂದರೆ, ಕನ್ನಡದ ಪದಪುಂಜವೂ ಇದೇ ದಿಕ್ಕಿನಲ್ಲಿ ಚಲಿಸುತ್ತದೆ. ‘ದಾದರಿನ ರೈಲು ನಿಲ್ದಾಣದ ಪಕ್ಕದ ಹಳೆಯ ಚಾಳಿನ ಮೂರನೆಯ ಮಹಡಿಯ ಮೂಲೆಯ ಕೋಣೆ’ ಎಂಬ ಪದಪುಂಜದಲ್ಲಿ ಬಡಾವಣೆ ಮೊದಲು, ಅನಂತರ ನಿಲ್ದಾಣ, ಕಟ್ಟಡ, ಮಹಡಿ, ಎಲ್ಲಕ್ಕೂ ಕೊನೆಯಲ್ಲಿ ಕೋಣೆ. ಇದನ್ನೇ ಇಂಗ್ಲಿಷಿನಲ್ಲಿ ಹೇಳುವಾಗ ‘ದಿ ಕಾರ್ನರ್ ರೂಮ್ ಆನ್ ದಿ ಥರ್ಡ್ ಫ್ಲೋರ್ ಆಫ್ ಆ್ಯನ್ ಓಲ್ಡ್ ಚಾಲ್ ನಿಯರ್ ದಿ ರೈಲ್ವೆ ಸ್ಟೇಷನ್ ಇನ್ ದಾದರ್’ ಎಂದಾಗುತ್ತದೆ. ಕೋಣೆ ಮೊದಲಿಗೆ ಬಂದಿತು, ದಾದರ್ ಕೊನೆಗೆ ಹೋಯಿತು. ಒಂದು ಇನ್ನೊಂದರ ಕನ್ನಡಿಬಿಂಬದಂತಿದೆ. ಕನ್ನಡದಲ್ಲಿ ವಿಶೇಷಣವೆಲ್ಲ ವಿಶೇಷ್ಯದ ಹಿಂದೆ ಸಾಲುಗಟ್ಟಿ ಬರುತ್ತದೆ. ವಿಭಕ್ತಿ ಪ್ರತ್ಯಯವು ನಾಮಪದದ ಕೊನೆಗೆ ಸೇರುತ್ತದೆ. ಕ್ರಿಯಾಪದ ವಾಕ್ಯದ ಕೊನೆಯಲ್ಲಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಸ್ಥಳಸೂಚಕ ಪದ ನಾಮಪದಕ್ಕೆ ಮೊದಲೇ ಬರುತ್ತದೆ. ಕರ್ತೃವಿನ ಬೆನ್ನಿಗೇ ಕ್ರಿಯಾಪದವಿರುತ್ತದೆ. ದೇಶಕಾಲಗಳು ಸಾಮಾನ್ಯವಾಗಿ ಕೊನೆಗೆ ಬರುತ್ತವೆ. ಒತ್ತು ಕೊಡಬೇಕಾದಾಗ ಇಂಗ್ಲಿಷ್ ಕೂಡ ಸ್ಥಳವನ್ನು ವಾಕ್ಯದ ಆದಿಗೆ ತರುವುದುಂಟು. ಹಲವು ಕಥೆಗಳು ಹಾಗೆಯೇ ಆರಂಭವಾಗುತ್ತವೆ. ಅಂತಹ ವಾಕ್ಯಗಳು ಕನ್ನಡ ವಿದ್ಯಾರ್ಥಿಗೆ ಸುಲಭವಾಗಿ ದಕ್ಕುತ್ತವೆ ಎಂಬುದು ಅರ್ಥಪೂರ್ಣ.

ಹೊರನಾಡಿನ ಕನ್ನಡ ಮಕ್ಕಳ ದೃಷ್ಟಿಯಿಂದ ಇನ್ನೊಂದು ಸಂಗತಿ ಮಹತ್ವದ್ದು. ಮುಂಬಯಿ, ಪುಣೆಗಳ ಮರಾಠಿ, ಚೆನ್ನೈಯ ತಮಿಳು, ಹೈದರಾಬಾದಿನ ತೆಲುಗು, ದಿಲ್ಲಿಯ ಹಿಂದಿ ಇವೆಲ್ಲವೂ ಕ್ರಿಯಾಪದವನ್ನು ವಾಕ್ಯದ ಕೊನೆಯಲ್ಲಿ ಇರಿಸುವ ಭಾಷೆಗಳು. ಮನೆಯ ಮಾತಿನಿಂದ ಬೀದಿಯ ಮಾತಿಗೆ ದಾಟುವಾಗ ಮಗು ಪದಗಳನ್ನು ಬದಲಿಸುತ್ತದೆಯೇ ಹೊರತು ವಾಕ್ಯದ ದಿಕ್ಕನ್ನು ಬದಲಿಸಬೇಕಾಗಿಲ್ಲ. ದಿಕ್ಕು ಬದಲಾಗುವುದು ಇಂಗ್ಲಿಷ್ ತರಗತಿಯ ಹೊಸ್ತಿಲಲ್ಲಿ ಮಾತ್ರ. ಎರಡು ಮೂರು ಭಾಷೆಗಳನ್ನು ಸರಾಗವಾಗಿ ಆಡುವ ಮಗು ಇಂಗ್ಲಿಷಿನಲ್ಲಿ ತಡವರಿಸಿದರೆ ಅದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ಈ ತಿರುವನ್ನು ಅದಕ್ಕೆ ಯಾರೂ ತೋರಿಸಿಕೊಟ್ಟಿರುವುದಿಲ್ಲ.

4

ಪದಕ್ರಮದ ಅನಂತರ ಚಿಕ್ಕ ಪದಗಳ ವಿಚಾರ. ‘ಮರದ ಕೆಳಗೆ ಒಬ್ಬ ಹುಡುಗ ಇದ್ದ’, ‘ಹುಡುಗ ಮರದ ಕೆಳಗೆ ಇದ್ದ’ ಎಂಬ ಎರಡು ವಾಕ್ಯಗಳನ್ನು ಪರಿಶೀಲಿಸಬಹುದು. ಮೊದಲನೆಯದು ಹುಡುಗನನ್ನು ಕಥೆಯೊಳಕ್ಕೆ ಹೊಸದಾಗಿ ತರುತ್ತದೆ. ಎರಡನೆಯದರಲ್ಲಿ ಹುಡುಗ ಈಗಾಗಲೇ ಪರಿಚಿತ. ಅವನಿದ್ದ ಜಾಗ ಮಾತ್ರ ಹೊಸ ಸುದ್ದಿ. ಈ ವ್ಯತ್ಯಾಸವನ್ನು ಕನ್ನಡ ಪದಗಳ ಸ್ಥಾನಪಲ್ಲಟದಿಂದಲೂ ‘ಒಬ್ಬ’ ಎಂಬ ಪದದಿಂದಲೂ ಸಾಧಿಸಿದೆ. ಇಂಗ್ಲಿಷ್ ಇದನ್ನೇ ‘ದೇರ್ ವಾಸ್ ಎ ಬಾಯ್ ಅಂಡರ್ ದಿ ಟ್ರೀ’ ಎಂದೂ ‘ದಿ ಬಾಯ್ ವಾಸ್ ಅಂಡರ್ ದಿ ಟ್ರೀ’ ಎಂದೂ ಹೇಳುತ್ತದೆ. ಇಲ್ಲಿನ ‘ದೇರ್’ ಎಂಬುದಕ್ಕೆ ‘ಅಲ್ಲಿ’ ಎಂಬ ಅರ್ಥವಿಲ್ಲ. ಹೊಸ ವಸ್ತುವನ್ನು ಆವರಣದೊಳಗೆ ಪ್ರವೇಶಗೊಳಿಸುವುದು ಅದರ ಕೆಲಸ. ‘ಎ’ ಹೊಸಬನನ್ನು ತೋರಿಸುತ್ತದೆ, ‘ದಿ’ ಪರಿಚಿತನನ್ನು. ಕನ್ನಡದಲ್ಲಿ ಆರ್ಟಿಕಲ್ ಇಲ್ಲವೆಂದು ಹೇಳಿ ಬಿಟ್ಟುಬಿಡುವುದಕ್ಕಿಂತ, ಅದು ಮಾಡುವ ಕೆಲಸ ಕನ್ನಡದಲ್ಲಿಯೂ ಉಂಟೆಂದು ತೋರಿಸಿಕೊಡುವುದು ಹೆಚ್ಚು ಪ್ರಯೋಜನಕಾರಿ.

ಒ. ಹೆನ್ರಿಯ ಕಥೆಯನ್ನು ಈ ಬೆಳಕಿನಲ್ಲಿ ನೋಡಿದರೆ ಅದರ ಗುಟ್ಟು ಈ ಎರಡು ಚಿಕ್ಕ ಪದಗಳಲ್ಲಿಯೇ ಅಡಗಿರುವುದು ಕಂಡುಬರುತ್ತದೆ. ಜಾನ್ಸಿ ತಾನು ನೋಡುತ್ತಿರುವುದು ‘ದಿ ಲೀಫ್’, ತಾನು ಎಣಿಸುತ್ತ ಬಂದ ಅದೇ ಎಲೆ, ಎಂದು ನಂಬಿದ್ದಾಳೆ. ಬೆಹ್ರಮನ್ ಬರೆದದ್ದು ‘ಎ ಲೀಫ್’, ಬೇರೆಯೇ ಆದ ಒಂದು ಎಲೆ. ‘ದಿ’ ಮತ್ತು ‘ಎ’ಗಳ ನಡುವಿನ ಭೇದವನ್ನು ಆಕೆ ಅರಿಯದೆ ಉಳಿದುದರಿಂದಲೇ ಬದುಕಿದಳು. ವ್ಯಾಕರಣದ ಇಷ್ಟು ಸಣ್ಣ ಅಂಶ ಕಥೆಯ ಇಷ್ಟು ದೊಡ್ಡ ಅಂಶವಾಗಬಲ್ಲುದೆಂದು ತಿಳಿದ ವಿದ್ಯಾರ್ಥಿ ಆರ್ಟಿಕಲ್ಲುಗಳನ್ನು ಮರೆಯಲಾರ.

ಸಪ್ತಮಿಯ ‘ಅಲ್ಲಿ’ ಪ್ರತ್ಯಯದ ಸಂಗತಿಯೂ ಹೀಗೆಯೇ. ‘ಮುಂಬಯಿಯಲ್ಲಿ’, ‘ಮೂರನೆಯ ಮಹಡಿಯಲ್ಲಿ’, ‘ನಿಲ್ದಾಣದಲ್ಲಿ’ ಎಂದು ಕನ್ನಡ ಒಂದೇ ಪ್ರತ್ಯಯವನ್ನು ಬಳಸಿದರೆ, ಇಂಗ್ಲಿಷ್ ಕ್ರಮವಾಗಿ ‘ಇನ್’, ‘ಆನ್’, ‘ಆ್ಯಟ್’ ಎಂಬ ಮೂರು ಪದಗಳನ್ನು ಬಳಸುತ್ತದೆ. ಸ್ಥಳವನ್ನು ಒಳಗೊಳ್ಳುವ ಆವರಣವೆಂದು ಭಾವಿಸಿದಾಗ ‘ಇನ್’, ಮೇಲ್ಮೈಯೆಂದು ಭಾವಿಸಿದಾಗ ‘ಆನ್’, ಒಂದು ಬಿಂದುವೆಂದು ಭಾವಿಸಿದಾಗ ‘ಆ್ಯಟ್’ ಎಂಬುದು ಸ್ಥೂಲವಾದ ಸೂತ್ರ. ಅಪವಾದಗಳಿದ್ದರೂ, ಕಥೆಯ ಸ್ಥಳದ ಚಿತ್ರವೊಂದನ್ನು ಬರೆದು ಅದರ ಮೇಲೆ ಈ ಪದಗಳನ್ನು ಗುರುತಿಸುವ ಅಭ್ಯಾಸ ಮಾಡಿದರೆ ಅವು ಬೇಗ ಸ್ಥಿರವಾಗುತ್ತವೆ.

5

ಮೂರನೆಯದು ಕ್ರಿಯಾಪದ. ಕಥೆಯೊಂದರಲ್ಲಿ ಮೂರು ಬಗೆಯ ಭೂತಕಾಲಗಳು ಕೆಲಸ ಮಾಡುತ್ತವೆ. ‘ಮಳೆ ಬರುತ್ತಿತ್ತು’ ಎಂಬುದು ಆವರಣ. ‘ಮುದುಕ ಹೊರಗೆ ಹೋದ’ ಎಂಬುದು ಘಟನೆ. ‘ಎಲೆ ಉದುರಿಹೋಗಿತ್ತು’ ಎಂಬುದು ಆ ಘಟನೆಗಿಂತ ಹಿಂದಿನ ಸ್ಥಿತಿ. ಇವು ಕ್ರಮವಾಗಿ ‘ಇಟ್ ವಾಸ್ ರೇನಿಂಗ್’, ‘ದಿ ಓಲ್ಡ್ ಮ್ಯಾನ್ ವೆಂಟ್ ಔಟ್’, ‘ದಿ ಲೀಫ್ ಹ್ಯಾಡ್ ಫಾಲನ್’ ಎಂದಾಗುತ್ತವೆ. ‘ಹ್ಯಾಡ್’ ಬಂದಾಗಲೆಲ್ಲ ಕಥೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿದೆಯೆಂದು ತಿಳಿಯಬೇಕು. ಕನ್ನಡದ ‘ಇತ್ತು’, ‘ಇದ್ದ’ಗಳು ಇದೇ ಕೆಲಸವನ್ನು ಮಾಡುವುದರಿಂದ ಈ ಪಾಠ ಕನ್ನಡ ವಿದ್ಯಾರ್ಥಿಗೆ ಕಷ್ಟವಾಗಬೇಕಾಗಿಲ್ಲ.

ನಿಜವಾದ ಕಷ್ಟ ಬರುವುದು ಕೃದಂತಗಳ ಸರಣಿಯಲ್ಲಿ. ‘ಏಣಿಯನ್ನು ಮಳೆಗೆ ಹೊತ್ತು ತಂದು, ಗೋಡೆಗೆ ಒರಗಿಸಿ, ಲಾಂದ್ರದ ಬೆಳಕಿನಲ್ಲಿ ಎಲೆಯೊಂದನ್ನು ಬರೆದ’ ಎಂಬುದು ಕನ್ನಡದಲ್ಲಿ ಸಹಜವಾದ ಒಂದೇ ವಾಕ್ಯ. ಕರ್ತೃಪದ ಇಲ್ಲದಿದ್ದರೂ ‘ಬರೆದ’ ಎಂಬ ಕ್ರಿಯಾಪದವೇ ಅದನ್ನು ಸೂಚಿಸುತ್ತದೆ. ಇದನ್ನು ಪದದಿಂದ ಪದಕ್ಕೆ ಇಂಗ್ಲಿಷಿಗೆ ತಿರುಗಿಸಿದರೆ ಕರ್ತೃವಿಲ್ಲದ, ‘ಆ್ಯಂಡ್’ಗಳಿಂದ ಜಗ್ಗುವ ವಾಕ್ಯ ಹುಟ್ಟುತ್ತದೆ. ಇದಕ್ಕೆ ಪರಿಹಾರ ಬಿಡಿಸುವುದು. ‘ದಿ ಓಲ್ಡ್ ಮ್ಯಾನ್ ಕ್ಯಾರಿಡ್ ಎ ಲ್ಯಾಡರ್ ಔಟ್ ಇಂಟು ದಿ ರೇನ್. ಹೀ ಪುಟ್ ಇಟ್ ಅಗೇನ್ಸ್ಟ್ ದಿ ವಾಲ್. ಬೈ ದಿ ಲೈಟ್ ಆಫ್ ಎ ಲ್ಯಾಂಟರ್ನ್ ಹೀ ಪೇಂಟೆಡ್ ಎ ಲೀಫ್.’ ಪ್ರತಿಯೊಂದು ವಾಕ್ಯಕ್ಕೂ ಕರ್ತೃವಿದೆ. ಪ್ರತಿಯೊಂದು ವಾಕ್ಯದಲ್ಲಿಯೂ ಒಂದೇ ಮುಖ್ಯ ಕ್ರಿಯೆ ಇದೆ. ಏಣಿ ಹೊಸದಾದುದರಿಂದ ‘ಎ’; ಗೋಡೆಯನ್ನು ಓದುಗ ಈಗಾಗಲೇ ಬಲ್ಲನಾದುದರಿಂದ ‘ದಿ’. ಮೂರನೆಯ ವಾಕ್ಯದಲ್ಲಿ ಬೆಳಕಿನ ವಿವರ ಮೊದಲಿಗೆ ಬಂದಿರುವುದು, ಕತ್ತಲಲ್ಲಿ ಮಾಡಿದ ಕೆಲಸವೆಂಬುದನ್ನು ಒತ್ತಿ ಹೇಳುವುದಕ್ಕಾಗಿ.

ಸಂಬಂಧಸೂಚಕ ವಾಕ್ಯಗಳನ್ನೂ ಇಲ್ಲಿಯೇ ಹೇಳಬಹುದು. ‘ನಿನ್ನೆ ಊರಿನಿಂದ ಬಂದ ಹುಡುಗ’ ಎಂಬಲ್ಲಿ ‘ಬಂದ’ ಎಂಬ ಕೃದಂತ ಹುಡುಗನ ಹಿಂದೆ ನಿಂತಿದೆ. ಇಂಗ್ಲಿಷಿನಲ್ಲಿ ಹುಡುಗ ಮೊದಲು ಬಂದು, ಅವನ ಬೆನ್ನಿಗೆ ‘ಹೂ’ ಎಂಬ ಕೊಂಡಿಯಿಂದ ಉಳಿದ ವಿವರ ಸೇರುತ್ತದೆ: ‘ದಿ ಬಾಯ್ ಹೂ ಕೇಮ್ ಫ್ರಮ್ ದಿ ವಿಲೇಜ್ ಯೆಸ್ಟರ್‌ಡೇ’. ದಿಕ್ಕು ತಿರುಗುವ ಅದೇ ನಿಯಮ ಇಲ್ಲಿಯೂ ಅನ್ವಯಿಸುತ್ತದೆ.

6

ಕನ್ನಡ ನಾಡಿನ ಆವರಣವನ್ನು ಇಂಗ್ಲಿಷಿನಲ್ಲಿ ಕಟ್ಟಿದ ಇಬ್ಬರು ಲೇಖಕರು ಈ ಚರ್ಚೆಗೆ ಉತ್ತಮ ನಿದರ್ಶನಗಳು. ಚೆನ್ನೈಯಲ್ಲಿ ಹುಟ್ಟಿ ಮೈಸೂರಿನಲ್ಲಿ ನೆಲೆಸಿದ ಆರ್. ಕೆ. ನಾರಾಯಣ್ 1935ರ ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ ಕಾದಂಬರಿಯಿಂದ ಮಾಲ್ಗುಡಿಯನ್ನು ಕಟ್ಟತೊಡಗಿದರು. ಅವರ ವಾಕ್ಯಗಳು ಸರಳ, ನೇರ. ಸರಯೂ ನದಿ, ಶಾಲೆ, ಮಾರುಕಟ್ಟೆಗಳು ಘಟನೆಗಳ ಜೊತೆಜೊತೆಗೇ ಸ್ವಲ್ಪ ಸ್ವಲ್ಪವಾಗಿ ಕಾಣಿಸಿಕೊಳ್ಳುತ್ತವೆ. ಹಾಸನದಲ್ಲಿ ಹುಟ್ಟಿದ ರಾಜಾರಾವ್ 1938ರ ‘ಕಾಂತಾಪುರ’ದಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿ ಕಥೆ ಹೇಳುವವಳು ಒಬ್ಬ ಅಜ್ಜಿ. ಊರಿನ ಹೆಸರು, ಅದಿರುವ ಪ್ರಾಂತ್ಯ, ಘಟ್ಟ, ಹೊಳೆ, ಗ್ರಾಮದೇವತೆ ಇವುಗಳ ವಿವರಣೆಯಿಂದಲೇ ಅವಳು ಆರಂಭಿಸುತ್ತಾಳೆ. ವಾಕ್ಯಗಳು ಒಂದಕ್ಕೊಂದು ಹೆಣೆದುಕೊಂಡು ದೀರ್ಘವಾಗಿ ಸಾಗುತ್ತವೆ. ಸ್ಥಳಪುರಾಣದ ಕ್ರಮವನ್ನು ರಾಜಾರಾವ್ ಇಂಗ್ಲಿಷಿಗೆ ತಂದರು. ಇಂಗ್ಲಿಷಿನ ನಡೆಯನ್ನು ಬಲ್ಲವನಿಗೆ ಮಾತ್ರ ಅದನ್ನು ಹೀಗೆ ಬಾಗಿಸುವುದು ಸಾಧ್ಯ. ವಿದ್ಯಾರ್ಥಿ ಮೊದಲು ನಾರಾಯಣರ ವಾಕ್ಯವನ್ನು ಕಲಿಯಬೇಕು, ಅನಂತರ ರಾಜಾರಾಯರ ವಾಕ್ಯವನ್ನು ಸವಿಯಬೇಕು.

ಅನುವಾದಕರ ಮುಂದಿರುವ ಸಮಸ್ಯೆಯೂ ಇದೇ. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ 2017ರಲ್ಲಿ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಎಂಬ ಹೆಸರಿನಿಂದ ಪ್ರಕಟವಾಗಿ 2018ನೆಯ ಸಾಲಿನ ಡಿಎಸ್‌ಸಿ ಬಹುಮಾನವನ್ನು ಪಡೆದುವು. ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಬಹುಮಾನಕ್ಕೆ ಪಾತ್ರವಾದುವು. ಕನ್ನಡದ ಚಾಳು, ಓಣಿ, ಅಂಗಳಗಳನ್ನು ಇಂಗ್ಲಿಷ್ ವಾಕ್ಯದೊಳಗೆ ಯಾವ ಕ್ರಮದಲ್ಲಿ ಇರಿಸಬೇಕೆಂಬುದನ್ನು ಈ ಅನುವಾದಕರು ವಾಕ್ಯ ವಾಕ್ಯಕ್ಕೂ ನಿರ್ಧರಿಸಬೇಕಾಗಿತ್ತು. ಮೂಲವನ್ನೂ ಅನುವಾದವನ್ನೂ ಪಕ್ಕಪಕ್ಕದಲ್ಲಿ ಇರಿಸಿಕೊಂಡು ಒಂದೊಂದು ಪುಟವನ್ನು ಓದುವುದು ಪದವಿ ತರಗತಿಗೆ ತಕ್ಕ ಅಭ್ಯಾಸ.

7

ತರಗತಿಯಲ್ಲಿ ಈ ಪಾಠವನ್ನು ನಾಲ್ಕು ಹಂತಗಳಲ್ಲಿ ನಡೆಸಬಹುದು. ಮೊದಲನೆಯದು, ಕಥೆಯನ್ನು ಓದಿ ಅದರ ಸ್ಥಳದ ನಕ್ಷೆಯನ್ನು ಬರೆಯುವುದು. ಎರಡನೆಯದು, ಎಲ್ಲಿ, ಯಾವಾಗ, ಯಾವ ಋತುವಿನಲ್ಲಿ, ಎಂತಹ ಆರ್ಥಿಕ ಹಾಗೂ ಸಾಮಾಜಿಕ ಸ್ಥಿತಿಯಲ್ಲಿ ಎಂದು ಕೇಳಿ, ಪ್ರತಿಯೊಂದು ಉತ್ತರಕ್ಕೂ ‘ಇದು ಇಲ್ಲದಿದ್ದರೆ ಕಥೆ ಏನಾಗುತ್ತಿತ್ತು?’ ಎಂಬ ಪ್ರಶ್ನೆಯನ್ನು ಜೋಡಿಸುವುದು. ಈ ಚರ್ಚೆ ಕನ್ನಡದಲ್ಲಿ ನಡೆದರೆ ಹಾನಿಯಿಲ್ಲ; ಆಲೋಚನೆ ಸ್ಪಷ್ಟವಾಗುವುದು ಮುಖ್ಯ. ಮೂರನೆಯದು, ಆ ಉತ್ತರಗಳನ್ನು ಬಿಡಿಬಿಡಿಯಾದ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು, ಕರ್ತೃವಿದೆಯೇ, ಕ್ರಿಯಾಪದ ಅದರ ಬೆನ್ನಿಗಿದೆಯೇ, ದೇಶಕಾಲಗಳು ತಮ್ಮ ಸ್ಥಾನದಲ್ಲಿವೆಯೇ ಎಂದು ಪರೀಕ್ಷಿಸುವುದು. ನಾಲ್ಕನೆಯದು, ವಿದ್ಯಾರ್ಥಿ ತಾನು ಬಲ್ಲ ಒಂದು ಜಾಗವನ್ನು, ತನ್ನ ಚಾಳನ್ನೋ, ಲೋಕಲ್ ರೈಲಿನ ಡಬ್ಬಿಯನ್ನೋ, ರಜೆಯಲ್ಲಿ ಹೋಗುವ ಅಜ್ಜಿಯ ಮನೆಯನ್ನೋ, ಮೊದಲು ಕನ್ನಡದಲ್ಲಿಯೂ ಅನಂತರ ಇಂಗ್ಲಿಷಿನಲ್ಲಿಯೂ ವರ್ಣಿಸುವುದು.

ಮಹಾರಾಷ್ಟ್ರದ ಶಾಲೆಗಳಲ್ಲಿ 2000ದ ಶೈಕ್ಷಣಿಕ ವರ್ಷದಿಂದ ಇಂಗ್ಲಿಷ್ ಒಂದನೆಯ ತರಗತಿಯಿಂದಲೇ ಆರಂಭವಾಯಿತು. ಕನ್ನಡ ಮಾಧ್ಯಮದಲ್ಲಿ ಓದಿದರೆ ಇಂಗ್ಲಿಷ್ ಬಾರದೆಂಬ ಭಯ ಮಾತ್ರ ಹೊರನಾಡಿನ ತಂದೆತಾಯಿಗಳನ್ನು ಬಿಟ್ಟಿಲ್ಲ. ಮುಂಬಯಿಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಗ್ಗುತ್ತ ಬಂದುದಕ್ಕೆ ಈ ಭಯವೂ ಒಂದು ಕಾರಣ. ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿ ಮುಂದೆ ಬಂದವರ ಒಂದು ಪೀಳಿಗೆಯೇ ಈ ನಗರದಲ್ಲಿದೆ; ಅವರಿಗೆ ಕನ್ನಡ ಅಡ್ಡಿಯಾಗಲಿಲ್ಲ. ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದ ‘ಇಂಗ್ಲಿಷ್ ಗೀತಗಳು’ ಸಂಕಲನವನ್ನು 1926ರಲ್ಲಿ ಕೊಟ್ಟ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಅಧ್ಯಾಪಕರೇ ಆಗಿದ್ದರೆಂಬುದನ್ನೂ ನೆನೆಯಬಹುದು. ಎರಡೂ ಭಾಷೆಗಳ ನಡೆಯನ್ನು ಅರಿತವರಿಗೆ ಒಂದು ಇನ್ನೊಂದಕ್ಕೆ ಮೆಟ್ಟಿಲಾಯಿತು.

ಆದುದರಿಂದ ಇಂಗ್ಲಿಷ್ ತರಗತಿಯ ಬಾಗಿಲಲ್ಲಿ ಕನ್ನಡವನ್ನು ಬಿಟ್ಟುಬರುವಂತೆ ವಿದ್ಯಾರ್ಥಿಗೆ ಹೇಳುವುದು ಶೈಕ್ಷಣಿಕವಾಗಿ ಸಾಧುವಲ್ಲ. ದಾದರಿನಿಂದ ಹೊರಟು ಮೂಲೆಯ ಕೋಣೆಯನ್ನು ತಲುಪಬಲ್ಲ ಮಗು ಆ ಕೋಣೆಯಿಂದ ಹೊರಟು ದಾದರನ್ನೂ ತಲುಪಬಲ್ಲುದು. ದಾರಿ ಅದೇ, ನಡೆಯುವ ದಿಕ್ಕು ಬೇರೆ ಎಂಬುದನ್ನು ತಿಳಿಸಿಕೊಡುವ ಹೊಣೆ ಅಧ್ಯಾಪಕರದು.